ಮೂರು ತಿಂಗಳಿಗೊಮ್ಮೆ ಕೊಡುವ ಇಂಜೆಕ್ಷನ್ನಿನ ಪಾಲಿಮರ್ ಮೈಯೊಳಗೆ ಏನಾಗುತ್ತದೆ?

ತೋಟದಮನೆ, ಸಕಲೇಶಪುರ

ನಮ್ಮ ತಂದೆಯವರಿಗೆ ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರ್ ಇದೆ. ಹಾಸನದ ವೈದ್ಯರು ಮೂರು ತಿಂಗಳಿಗೊಮ್ಮೆ ಹೊಕ್ಕುಳಿನ ಕೆಳಗೆ, ಹೊಟ್ಟೆಯ ಚರ್ಮದಡಿಗೆ, ಗೋಸೆರೆಲಿನ್ ಎಂಬ ಔಷಧದ ಸಣ್ಣ ಕಡ್ಡಿಯೊಂದನ್ನು ದಪ್ಪ ಸೂಜಿಯಿಂದ ಸೇರಿಸುತ್ತಾರೆ. ಪೊಟ್ಟಣದೊಳಗಿನ ಕಾಗದವನ್ನು ಓದಿದಾಗ, 10.8 ಮಿಲಿಗ್ರಾಂ ಔಷಧವನ್ನು ಲ್ಯಾಕ್ಟೈಡ್ ಮತ್ತು ಗ್ಲೈಕೋಲೈಡ್ ಸೇರಿದ ಪಾಲಿಮರ್‌ನಲ್ಲಿ ಬೆರೆಸಲಾಗಿದೆ ಎಂದು ತಿಳಿಯಿತು. ಪಾಲಿಮರ್ ಎಂದರೆ ಪ್ಲಾಸ್ಟಿಕ್ ತಾನೆ? ಕೇಳಿದರೆ "ಒಳಗೇ ಕರಗಿ ಹೋಗುತ್ತದೆ, ತಲೆ ಕೆಡಿಸಿಕೊಳ್ಳಬೇಡಿ" ಎಂಬ ಉತ್ತರ ಬಂತು. ಕರಗಿದ್ದು ಎಲ್ಲಿಗೆ ಹೋಗುತ್ತದೆ, ಯಾವುದು ಅದನ್ನು ಕರಗಿಸುತ್ತದೆ, ವರ್ಷಕ್ಕೆ ನಾಲ್ಕರಂತೆ ಇಟ್ಟ ಕಡ್ಡಿಗಳು ಸೇರಿ ಗಂಟಾಗಿ ಉಳಿಯುವುದಿಲ್ಲವೇ ಎಂಬುದನ್ನು ತಿಳಿದವರು ದಯವಿಟ್ಟು ಬಿಡಿಸಿ ಹೇಳಬೇಕು. ತಂದೆಯವರಿಗೆ ಈಗ ರೋಗದ ಚಿಂತೆಗಿಂತ ಕಡ್ಡಿಯ ಚಿಂತೆಯೇ ದೊಡ್ಡದಾಗಿದೆ.

ಗೊಬ್ಬರಗುಂಡಿ, ಮೂಡಿಗೆರೆ

ನಿಮ್ಮ ಅನುಮಾನ ಸರಿಯಾಗಿಯೇ ಇದೆ. "ಮಣ್ಣಿನಲ್ಲಿ ಕೊಳೆಯುತ್ತದೆ" ಎಂದು ಅಚ್ಚು ಹಾಕಿದ್ದ ಕೈಚೀಲವೊಂದನ್ನು ನಾನು ತೋಟದ ಗೊಬ್ಬರದ ಗುಂಡಿಗೆ ಹಾಕಿದ್ದೆ. ಮಳೆಗಾಲ ಕಳೆದು ಗುಂಡಿ ಬಗೆದಾಗ ಕಾಫಿ ಸಿಪ್ಪೆ, ಸೊಪ್ಪು, ಸಗಣಿ ಎಲ್ಲವೂ ಕರಿಗೊಬ್ಬರವಾಗಿದ್ದವು. ಚೀಲ ಮಾತ್ರ ಮಡಿಕೆ ಬಿಚ್ಚದೆ, ಮೇಲಿನ ಅಕ್ಷರಗಳನ್ನು ಓದಲು ಬರುವಂತೆ, ಹಾಗೆಯೇ ಕುಳಿತಿತ್ತು. ಅದೂ ಲ್ಯಾಕ್ಟಿಕ್ ಆಮ್ಲದ ಪ್ಲಾಸ್ಟಿಕ್ಕೇ ಎಂದು ಅಂಗಡಿಯವನು ಹೇಳಿದ್ದ. ಲಕ್ಷಾಂತರ ಸೂಕ್ಷ್ಮಜೀವಿಗಳಿರುವ ಗುಂಡಿಯಲ್ಲಿ ಕೊಳೆಯದ ವಸ್ತು, ಸೂಕ್ಷ್ಮಜೀವಿಯೇ ಇಲ್ಲದ ಚರ್ಮದಡಿಯಲ್ಲಿ ಮೂರು ತಿಂಗಳಿಗೆ ಮಾಯವಾಗುತ್ತದೆ ಎಂದರೆ ನಂಬುವುದು ಹೇಗೆ?

ರಸಾಯನ ಮೇಷ್ಟ್ರು, ಚಿಕ್ಕಮಗಳೂರು

ಇಬ್ಬರ ಪ್ರಶ್ನೆಗೂ ಉತ್ತರ ಒಂದೇ ಕಡೆ ಇದೆ. ಈ ಪಾಲಿಮರ್ ಅನ್ನು ಒಡೆಯುವುದು ಸೂಕ್ಷ್ಮಜೀವಿಯೂ ಅಲ್ಲ, ಬಹುಮಟ್ಟಿಗೆ ನಮ್ಮ ದೇಹದ ಕಿಣ್ವವೂ ಅಲ್ಲ. ಅದನ್ನು ಒಡೆಯುವುದು ನೀರು.

ನಿಮ್ಮ ಕಾಗದದಲ್ಲಿ ಲ್ಯಾಕ್ಟೈಡ್ ಮತ್ತು ಗ್ಲೈಕೋಲೈಡ್ ಸೇರಿದ ಪಾಲಿಮರ್ ಎಂದಿರುವ, ಪಿಎಲ್‌ಜಿಎ ಎಂದು ಕರೆಯುವ ಈ ವಸ್ತುವಿನಲ್ಲಿ ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕೋಲಿಕ್ ಆಮ್ಲದ ಘಟಕಗಳು ಎಸ್ಟರ್ ಬಂಧದಿಂದ ಒಂದಕ್ಕೊಂದು ಸೇರಿ ಉದ್ದನೆಯ ಸರಪಳಿಯಾಗಿರುತ್ತವೆ. ಎಸ್ಟರ್ ಬಂಧಕ್ಕೆ ಒಂದು ನೀರಿನ ಅಣು ಸೇರಿದರೆ ಬಂಧ ತುಂಡಾಗಿ, ಒಂದು ಕಡೆ ಆಮ್ಲದ ತುದಿಯೂ ಇನ್ನೊಂದು ಕಡೆ ಆಲ್ಕೊಹಾಲ್ ತುದಿಯೂ ಉಳಿಯುತ್ತವೆ. ಇದೇ ಜಲವಿಭಜನೆ. ಚರ್ಮದಡಿಯ ಅಂಗಾಂಶದಲ್ಲಿ ನೀರಿಗೆ ಕೊರತೆಯಿಲ್ಲ, 37 ಡಿಗ್ರಿಯ ಆಸುಪಾಸಿನ ಉಷ್ಣತೆ ಹಗಲಿರುಳು ಹೆಚ್ಚು ಬದಲಾಗುವುದಿಲ್ಲ. ನೀರು ಕಡ್ಡಿಯ ಒಳಕ್ಕೆ ಇಳಿದು, ಎಲ್ಲ ಕಡೆಯೂ ಏಕಕಾಲಕ್ಕೆ, ಸರಪಳಿಗಳನ್ನು ಅಲ್ಲಲ್ಲಿ ಕತ್ತರಿಸಲು ತೊಡಗುತ್ತದೆ. ಮೊದಮೊದಲು ಸರಪಳಿಯ ಉದ್ದ ಕಡಿಮೆಯಾಗುತ್ತದೆಯೇ ಹೊರತು ಕಡ್ಡಿಯ ತೂಕ ಅಷ್ಟಾಗಿ ಇಳಿಯುವುದಿಲ್ಲ, ಏಕೆಂದರೆ ಅರ್ಧಕ್ಕೆ ತುಂಡಾದ ಸರಪಳಿಯೂ ನೀರಿನಲ್ಲಿ ಕರಗಲಾರದಷ್ಟು ಉದ್ದವಾಗಿಯೇ ಇರುತ್ತದೆ. ತುಂಡುಗಳು ಸಾಕಷ್ಟು ಚಿಕ್ಕವಾದ ಮೇಲೆ ಅವು ನೀರಿನಲ್ಲಿ ಕರಗಿ ಹೊರಬರುತ್ತವೆ. ಅಲ್ಲಿಂದ ಮುಂದೆ ತೂಕ ಬೇಗನೆ ಇಳಿಯುತ್ತದೆ.

ಕೊನೆಗೆ ಉಳಿಯುವುದು ಲ್ಯಾಕ್ಟಿಕ್ ಆಮ್ಲ ಮತ್ತು ಗ್ಲೈಕೋಲಿಕ್ ಆಮ್ಲ. ಮೊದಲನೆಯದು ಪೈರುವೇಟ್ ಎಂಬ ವಸ್ತುವಾಗಿ, ಜೀವಕೋಶಗಳು ಶಕ್ತಿ ಪಡೆಯುವ ಕ್ರೆಬ್ಸ್ ಚಕ್ರವನ್ನು ಸೇರಿ, ಇಂಗಾಲದ ಡೈಆಕ್ಸೈಡ್ ಮತ್ತು ನೀರಾಗುತ್ತದೆ. ಎರಡನೆಯದರಲ್ಲಿ ಒಂದು ಪಾಲು ಮೂತ್ರದಲ್ಲಿ ನೇರವಾಗಿ ಹೋಗುತ್ತದೆ, ಉಳಿದದ್ದು ಗ್ಲೈಸಿನ್ ಮೊದಲಾದ ದೇಹದ ಸ್ವಂತ ವಸ್ತುಗಳಾಗುತ್ತದೆ. ನಿಮ್ಮ ತಂದೆಯವರು ಆ ಪ್ಲಾಸ್ಟಿಕ್ಕಿನ ದೊಡ್ಡ ಭಾಗವನ್ನು ಉಸಿರಿನಲ್ಲಿ ಹೊರಗೆ ಬಿಡುತ್ತಾರೆ ಎಂದರೆ ಅತಿಶಯೋಕ್ತಿಯಲ್ಲ.

ಅರಸೀಕೆರೆ ತೆಂಗು

ಮೇಷ್ಟ್ರೇ, ಲ್ಯಾಕ್ಟಿಕ್ ಆಮ್ಲ ಎಂದಿರಿ. ಚರ್ಮದ ಕೆಳಗೆ ಮೂರು ತಿಂಗಳು ಆಮ್ಲ ಸುರಿಯುತ್ತಿದ್ದರೆ ಹುಣ್ಣಾಗುವುದಿಲ್ಲವೇ?

ಮದ್ದಿನಂಗಡಿ, ಹಾಸನ

ಪ್ರಮಾಣ ನೋಡಿ ಸರ್. ಲ್ಯೂಪ್ರೊಲೈಡ್ ಎಂಬ ಇದೇ ಬಗೆಯ ಔಷಧದ, 1989ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆದ ತಿಂಗಳ ಇಂಜೆಕ್ಷನ್ನಿನಲ್ಲಿ 7.5 ಮಿಲಿಗ್ರಾಂ ಔಷಧಕ್ಕೆ ಸುಮಾರು 66 ಮಿಲಿಗ್ರಾಂ ಪಾಲಿಮರ್ ಇರುತ್ತದೆ. ಅಷ್ಟೂ ಆಮ್ಲವಾಗುವುದು ವಾರಗಟ್ಟಲೆ ಅವಧಿಯಲ್ಲಿ. ಸುಮ್ಮನೆ ಮಲಗಿರುವ ಮನುಷ್ಯನ ದೇಹವೇ ದಿನವೊಂದಕ್ಕೆ ನೂರು ಗ್ರಾಮಿಗೂ ಹೆಚ್ಚು ಲ್ಯಾಕ್ಟಿಕ್ ಆಮ್ಲವನ್ನು ತಯಾರಿಸಿ, ಯಕೃತ್ತು ಮತ್ತಿತರ ಅಂಗಗಳ ಮೂಲಕ ಅದನ್ನು ಮತ್ತೆ ಬಳಸಿಕೊಳ್ಳುತ್ತದೆ. ಈ ಲೆಕ್ಕದ ಮುಂದೆ ಇಂಜೆಕ್ಷನ್ನಿನ ಪಾಲು ಎಣಿಕೆಗೇ ಬರುವುದಿಲ್ಲ.

ವಾರ್ಡ್ ಸಿಸ್ಟರ್, ಹೊಳೆನರಸೀಪುರ

ಇಡೀ ದೇಹದ ಲೆಕ್ಕಕ್ಕೆ ಅದು ಸರಿ, ಆದರೆ ಇಟ್ಟ ಜಾಗದ ಲೆಕ್ಕ ಬೇರೆ. ಮೂಳೆ ಮುರಿತಕ್ಕೆ ಹಾಕುತ್ತಿದ್ದ, ಗ್ಲೈಕೋಲಿಕ್ ಆಮ್ಲದ ಪಾಲಿಮರ್‌ನಿಂದ ಮಾಡಿದ ದಪ್ಪ ಕಡ್ಡಿ ಮತ್ತು ತಿರುಪುಗಳಲ್ಲಿ ಕೆಲವು ರೋಗಿಗಳಿಗೆ ಸೋಂಕಿಲ್ಲದೆಯೇ ನೀರು ತುಂಬಿ ಊದಿಕೊಂಡು, ಚರ್ಮದಲ್ಲಿ ರಂಧ್ರವಾಗಿ ಒಸರಿದ ವರದಿಗಳಿವೆ. ದೊಡ್ಡ ತುಂಡು ಬೇಗ ಒಡೆದು, ಆ ಜಾಗದ ರಕ್ತಸಂಚಾರಕ್ಕೆ ಒಡೆದದ್ದನ್ನೆಲ್ಲ ಸಾಗಿಸಲು ಆಗದಿದ್ದಾಗ ತೊಂದರೆ ಕಾಣಿಸುತ್ತದೆ. ಔಷಧದ ಕಡ್ಡಿ ಸುಮಾರು ಒಂದೂವರೆ ಮಿಲಿಮೀಟರ್ ದಪ್ಪ ಮಾತ್ರ ಇರುವುದರಿಂದ ಅದನ್ನು ಇದಕ್ಕೆ ಹೋಲಿಸುವಂತಿಲ್ಲ. ಆದರೆ "ಏನೂ ಆಗುವುದೇ ಇಲ್ಲ" ಎಂದು ಹೇಳುವುದೂ ಸರಿಯಲ್ಲ. ಕಡ್ಡಿಯ ಸುತ್ತ ಕೆಲವು ದಿನ ಸಣ್ಣ ಗಂಟು, ನೋವು, ಕಂದು ಬಣ್ಣ ಬರಬಹುದು. ಕೆಂಪಾಗಿ ಬಿಸಿಯಾದರೆ ಅಥವಾ ಊತ ಬೆಳೆಯುತ್ತ ಹೋದರೆ ಕೂಡಲೇ ತೋರಿಸಬೇಕು.

ಗೊಬ್ಬರಗುಂಡಿ, ಮೂಡಿಗೆರೆ

ನೀರೇ ಒಡೆಯುವುದಾದರೆ ಮೂಡಿಗೆರೆಯ ಮಳೆಗಾಲಕ್ಕಿಂತ ಹೆಚ್ಚಿನ ನೀರು ಎಲ್ಲಿದೆ? ನನ್ನ ಚೀಲ ಏಕೆ ಒಡೆಯಲಿಲ್ಲ ಎಂಬುದಕ್ಕೆ ಮೇಷ್ಟ್ರು ಇನ್ನೂ ಉತ್ತರಿಸಿಲ್ಲ.

ರಸಾಯನ ಮೇಷ್ಟ್ರು, ಚಿಕ್ಕಮಗಳೂರು

ಉತ್ತರಿಸುತ್ತೇನೆ. ಮೊದಲನೆಯದಾಗಿ, ಆ ಚೀಲ ನಿಜಕ್ಕೂ ಪಾಲಿಲ್ಯಾಕ್ಟಿಕ್ ಆಮ್ಲದ್ದೇ ಎಂಬುದಕ್ಕೆ ಅಂಗಡಿಯವನ ಮಾತು ಸಾಲದು. ಸಾಮಾನ್ಯ ಪಾಲಿಥೀನ್‌ಗೆ ಏನೋ ಲವಣ ಬೆರೆಸಿ, ಬಿಸಿಲಿಗೆ ಪುಡಿಯಾಗುವಂತೆ ಮಾಡಿ ಅದನ್ನೇ "ಕೊಳೆಯುತ್ತದೆ" ಎಂದು ಮಾರುವವರಿದ್ದಾರೆ. ಎರಡನೆಯದಾಗಿ, ಅದು ಅಪ್ಪಟವೇ ಆಗಿದ್ದರೂ, ಬರಿಯ ಪಾಲಿಲ್ಯಾಕ್ಟಿಕ್ ಆಮ್ಲದ ಸರಪಳಿಗಳು ಒತ್ತೊತ್ತಾಗಿ ಹರಳುಗಟ್ಟಿಕೊಂಡಿರುತ್ತವೆ ಮತ್ತು ಪ್ರತಿ ಘಟಕಕ್ಕೂ ಇರುವ ಮೀಥೈಲ್ ಗುಂಪು ನೀರನ್ನು ದೂರವಿಡುತ್ತದೆ. ಅದನ್ನು ಒಡೆಯಲು ಕೈಗಾರಿಕಾ ಗೊಬ್ಬರ ಘಟಕಗಳಲ್ಲಿ ಸುಮಾರು 58 ಡಿಗ್ರಿ ಉಷ್ಣತೆಯನ್ನು ವಾರಗಟ್ಟಲೆ ಕಾಯ್ದುಕೊಳ್ಳುತ್ತಾರೆ. ಜೂನ್ ತಿಂಗಳಲ್ಲಿ ನೀರು ನಿಂತ ನಿಮ್ಮ ಗುಂಡಿ ಅಷ್ಟು ಬಿಸಿಯಾಗಲು ಸಾಧ್ಯವಿಲ್ಲ.

ಬರಿಯ ಪಾಲಿಲ್ಯಾಕ್ಟಿಕ್ ಆಮ್ಲ ದೇಹದೊಳಗೂ ಬೇಗ ಹೋಗುವುದಿಲ್ಲ. ಅದಕ್ಕೆ ವರ್ಷಗಳೇ ಬೇಕು. ಆದ್ದರಿಂದಲೇ ಔಷಧಕ್ಕೆ ಗ್ಲೈಕೋಲಿಕ್ ಆಮ್ಲವನ್ನು ಬೆರೆಸುತ್ತಾರೆ. ಎರಡೂ ಅರ್ಧರ್ಧ ಇದ್ದರೆ ಒಂದೆರಡು ತಿಂಗಳಲ್ಲಿ ಒಡೆಯುತ್ತದೆ, ಲ್ಯಾಕ್ಟಿಕ್ ಪಾಲು ಮುಕ್ಕಾಲಾದರೆ ನಾಲ್ಕೈದು ತಿಂಗಳು, ನೂರರಲ್ಲಿ 85ಕ್ಕೆ ಏರಿದರೆ ಐದಾರು ತಿಂಗಳು ಹಿಡಿಯುತ್ತದೆ. ಸರಪಳಿಯ ಉದ್ದ, ತುಂಡಿನ ಗಾತ್ರ, ತುದಿಗಳ ಸ್ವರೂಪ ಬದಲಾದರೆ ಈ ಅವಧಿಗಳೂ ಬದಲಾಗುತ್ತವೆ. ಪಾಲಿಕ್ಯಾಪ್ರೊಲ್ಯಾಕ್ಟೋನ್ ಎಂಬ ಇನ್ನೊಂದು ಪಾಲಿಮರ್‌ಗೆ ಎರಡು ವರ್ಷಕ್ಕೂ ಹೆಚ್ಚು ಬೇಕು. ಎಷ್ಟು ತಿಂಗಳ ಔಷಧ ಎಂಬುದನ್ನು ನೋಡಿಕೊಂಡು ಪಾಲಿಮರ್ ಆರಿಸುತ್ತಾರೆ.

ಕಡೂರು ಕಾಲೇಜು ಹುಡುಗ

ಹಾಗಿದ್ದರೆ ಗ್ಲೈಕೋಲಿಕ್ ಆಮ್ಲವನ್ನೇ ನೂರಕ್ಕೆ ನೂರು ಬಳಸಿದರೆ ಇನ್ನೂ ಬೇಗ ಒಡೆಯಬೇಕಲ್ಲವೇ ಸರ್?

ರಸಾಯನ ಮೇಷ್ಟ್ರು, ಚಿಕ್ಕಮಗಳೂರು

ಒಡೆಯುವುದಿಲ್ಲ. ಬರಿಯ ಗ್ಲೈಕೋಲಿಕ್ ಸರಪಳಿಗಳೂ ಅಚ್ಚುಕಟ್ಟಾಗಿ ಹರಳುಗಟ್ಟುತ್ತವೆ, ಹರಳಿನ ಒಳಕ್ಕೆ ನೀರು ಸುಲಭವಾಗಿ ನುಗ್ಗಲಾರದು. ಎರಡನ್ನೂ ಬೆರೆಸಿದಾಗ ಸರಪಳಿ ಅಂಕುಡೊಂಕಾಗಿ, ಹರಳುಗಟ್ಟುವುದೇ ತಪ್ಪುತ್ತದೆ. ಅರ್ಧರ್ಧ ಮಿಶ್ರಣವೇ ಎಲ್ಲಕ್ಕಿಂತ ಬೇಗ ಒಡೆಯುವುದಕ್ಕೆ ಇದು ಮುಖ್ಯ ಕಾರಣ.

ವಾರ್ಡ್ ಸಿಸ್ಟರ್, ಹೊಳೆನರಸೀಪುರ

ತುಂಡು ತುಂಡಾಗುವುದಕ್ಕೂ ಮಾಯವಾಗುವುದಕ್ಕೂ ನಡುವೆ ಅಂತರವಿದೆ ಎಂದು ಮೇಷ್ಟ್ರು ಹೇಳಿದ್ದನ್ನು ನಾವು ಹೊಲಿಗೆ ದಾರದಲ್ಲಿ ದಿನವೂ ನೋಡುತ್ತೇವೆ. ಹೆರಿಗೆಯ ನಂತರ ಮತ್ತು ಶಸ್ತ್ರಚಿಕಿತ್ಸೆಯಲ್ಲಿ ಬಳಸುವ ನೇರಳೆ ಬಣ್ಣದ ದಾರದಲ್ಲಿ ನೂರರಲ್ಲಿ ಗ್ಲೈಕೋಲಿಕ್ ಪಾಲು 90, ಲ್ಯಾಕ್ಟಿಕ್ ಪಾಲು 10 ಇರುತ್ತದೆ. ಎರಡು ವಾರ ಕಳೆದಾಗ ಅದರ ಬಲ ಮುಕ್ಕಾಲಿಗೆ, ಮೂರು ವಾರಕ್ಕೆ ಅರ್ಧಕ್ಕೆ ಇಳಿದಿರುತ್ತದೆ. ಆದರೆ ದಾರ ಪೂರ್ತಿ ಮಾಯವಾಗಲು 56ರಿಂದ 70 ದಿನ ಬೇಕು. ಮಧ್ಯದ ಅವಧಿಯಲ್ಲಿ ದಾರ ಕಣ್ಣಿಗೆ ದಾರವಾಗಿಯೇ ಕಾಣುತ್ತದೆ, ಚಿಮಟದಿಂದ ಹಿಡಿದರೆ ಮಾತ್ರ ಎಳೆಎಳೆಯಾಗಿ ಪುಡಿಯಾಗುತ್ತದೆ. ಒಮ್ಮೊಮ್ಮೆ ಚರ್ಮದ ಹತ್ತಿರದ ಗಂಟೊಂದು ಒಡೆಯುವ ಮೊದಲೇ ಮೊಡವೆಯಂತೆ ಮೇಲೆದ್ದು ಹೊರಬರುತ್ತದೆ. ಬಾಣಂತಿಯರು ಗಾಬರಿಯಿಂದ ಅದನ್ನು ಕಾಗದದಲ್ಲಿ ಸುತ್ತಿಕೊಂಡು ತರುತ್ತಾರೆ. ಗಾಬರಿಯ ಕಾರಣವಿಲ್ಲ.

ನಂಬದ ನಾಗಪ್ಪ, ಆಲೂರು

ಕರಗುವ ಹೊಲಿಗೆಯನ್ನು ದೇಹದ ಕಿಣ್ವಗಳೇ ಜೀರ್ಣಿಸುತ್ತವೆ ಎಂದು ನಾವು ಓದಿದ್ದೇವೆ. ನೀರು, ನೀರು ಎಂದು ಎಲ್ಲರೂ ಒಂದೇ ರಾಗ ಹಾಡುತ್ತಿದ್ದೀರಿ.

ಮದ್ದಿನಂಗಡಿ, ಹಾಸನ

ನೀವು ಓದಿದ್ದು ಕ್ಯಾಟ್‌ಗಟ್ ಬಗ್ಗೆ ಇರಬೇಕು. ಅದು ಕುರಿ ಅಥವಾ ದನದ ಕರುಳಿನಿಂದ ಮಾಡಿದ ಕೊಲ್ಲಾಜೆನ್ ದಾರ. ಪ್ರೋಟೀನ್ ಆದ್ದರಿಂದ ಅದನ್ನು ಕಿಣ್ವಗಳೇ ಒಡೆಯುತ್ತವೆ. ಅದರ ತೊಡಕೂ ಅಲ್ಲಿಯೇ ಇತ್ತು. ಗಾಯ ಕೀವಾದರೆ ಅಲ್ಲಿ ಕಿಣ್ವ ಹೆಚ್ಚಾಗಿ, ದಾರ ಬೇಗನೆ ಬಿಟ್ಟುಕೊಳ್ಳುತ್ತಿತ್ತು. ಗ್ಲೈಕೋಲಿಕ್ ಆಮ್ಲದ ಕೃತಕ ದಾರ 1970ರ ಹೊತ್ತಿಗೆ ಬಂದಾಗ ಶಸ್ತ್ರವೈದ್ಯರು ಅದನ್ನು ಒಪ್ಪಿಕೊಳ್ಳಲು ಮುಖ್ಯ ಕಾರಣ, ಮನುಷ್ಯನಿಂದ ಮನುಷ್ಯನಿಗೆ ಅದರ ಅವಧಿ ಹೆಚ್ಚು ಬದಲಾಗುವುದಿಲ್ಲ ಎಂಬುದು. ಕಿಣ್ವದ ಮಟ್ಟ ಒಬ್ಬೊಬ್ಬರಲ್ಲಿ ಒಂದೊಂದು ರೀತಿ ಇರಬಹುದು, ನೀರು ಎಲ್ಲರ ಮೈಯಲ್ಲೂ ಇದೆ. ಔಷಧದ ಪಾಲಿಮರ್‌ಗೂ ಇದೇ ಅನುಕೂಲ. ಸಿಗಡಿ ಚಿಪ್ಪಿನಿಂದ ಬರುವ ಕೈಟೋಸಾನ್, ಜೆಲಾಟಿನ್ ಮುಂತಾದವು ಕಿಣ್ವವನ್ನು ಅವಲಂಬಿಸಿವೆ ಎಂಬುದೂ ನಿಜವೇ.

ನಂಬದ ನಾಗಪ್ಪ, ಆಲೂರು

ಅಂದರೆ ಕಿಣ್ವವೂ ಇದೆ ಎಂದಾಯಿತು.

ಮದ್ದಿನಂಗಡಿ, ಹಾಸನ

ಕೈಟೋಸಾನ್‌ನಲ್ಲಿ ಇದೆ. ಇಲ್ಲಿ ಚರ್ಚೆಯಾಗುತ್ತಿರುವ ಕಡ್ಡಿಯಲ್ಲಿ ಕೈಟೋಸಾನ್ ಇಲ್ಲ.

ಫಾರ್ಮಸಿ ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ನಾನು ಸ್ನಾತಕೋತ್ತರ ಯೋಜನೆಗಾಗಿ ಪಿಎಲ್‌ಜಿಎ ಸೂಕ್ಷ್ಮಗೋಳಗಳನ್ನು ತಯಾರಿಸುತ್ತಿದ್ದೇನೆ. ಪಾಲಿಮರ್ ಮತ್ತು ಔಷಧವನ್ನು ಡೈಕ್ಲೋರೋಮೀಥೇನ್ ದ್ರಾವಕದಲ್ಲಿ ಕರಗಿಸಿ, ಪಾಲಿವಿನೈಲ್ ಆಲ್ಕೊಹಾಲ್ ಬೆರೆಸಿದ ನೀರಿಗೆ ಸಣ್ಣಗೆ ಹನಿಸುತ್ತ ರಭಸವಾಗಿ ಕಲಕಿದರೆ, ಬೀಕರ್‌ನಲ್ಲಿರುವುದೆಲ್ಲ ಬೆಳ್ಳಗಾಗುತ್ತದೆ. ದ್ರಾವಕ ಗಂಟೆಗಳ ಕಾಲ ಆವಿಯಾಗುತ್ತಿದ್ದಂತೆ ಹನಿಗಳು ಗಟ್ಟಿಯಾಗಿ, ಶೋಧಿಸಿ ಒಣಗಿಸಿದಾಗ ಬಿಳಿಯ ಪುಡಿ ಸಿಗುತ್ತದೆ. ಕಣ್ಣಿಗೆ ಪುಡಿ, ಸೂಕ್ಷ್ಮದರ್ಶಕದಲ್ಲಿ ಒಂದೊಂದೂ ನುಣುಪಾದ ಗುಂಡು.

ಇವನ್ನು 7.4 ಪಿಎಚ್ ಇರುವ ಫಾಸ್ಫೇಟ್ ದ್ರಾವಣದಲ್ಲಿ, 37 ಡಿಗ್ರಿಯಲ್ಲಿ ಅಲುಗಾಡಿಸುತ್ತ ಇಟ್ಟರೆ ಔಷಧ ಒಂದೇ ವೇಗದಲ್ಲಿ ಹೊರಬರುವುದಿಲ್ಲ. ಮೇಲ್ಮೈಗೆ ಅಂಟಿಕೊಂಡಿದ್ದ ಔಷಧ ಮೊದಲ ದಿನವೇ ಒಮ್ಮೆಗೇ ಬಿಟ್ಟುಕೊಳ್ಳುತ್ತದೆ. ಆಮೇಲೆ ಕೆಲಕಾಲ ಬಹುತೇಕ ಏನೂ ಬರುವುದಿಲ್ಲ. ಒಳಗೆ ಸರಪಳಿಗಳು ತುಂಡಾಗುತ್ತಿರುತ್ತವೆ. ಅವು ಚಿಕ್ಕವಾಗಿ ಕರಗತೊಡಗಿದ ಮೇಲೆ ಮತ್ತೆ ಔಷಧ ಹರಿಯುತ್ತದೆ. ಆ ಹೊತ್ತಿಗೆ ಬಾಟಲಿಯ ತಳದಲ್ಲಿ ಗೋಳಗಳು ಒಂದಕ್ಕೊಂದು ಮೆತ್ತಿಕೊಂಡು, ದ್ರಾವಣದ ಪಿಎಚ್ ಇಳಿಯತೊಡಗಿರುತ್ತದೆ, ಅಂದರೆ ಅದು ಹೆಚ್ಚು ಆಮ್ಲೀಯವಾಗುತ್ತಿರುತ್ತದೆ. ಸರಪಳಿ ತುಂಡಾದಾಗಲೆಲ್ಲ ಒಂದು ಆಮ್ಲದ ತುದಿ ಹುಟ್ಟುತ್ತದೆ ಎಂದು ಮೇಷ್ಟ್ರು ಹೇಳಿದರಲ್ಲ, ಆ ಆಮ್ಲವೇ ಮುಂದಿನ ಬಂಧಗಳು ಇನ್ನಷ್ಟು ಬೇಗ ಒಡೆಯುವಂತೆ ಮಾಡುತ್ತದೆ.

ರಸಾಯನ ಮೇಷ್ಟ್ರು, ಚಿಕ್ಕಮಗಳೂರು

ಒಳ್ಳೆಯ ಮಾತು ಎತ್ತಿದೆ ಮಗಳೇ. ಇದರಿಂದ ಒಂದು ವಿಚಿತ್ರ ನಡೆಯುತ್ತದೆ. ದಪ್ಪ ತುಂಡಿನಲ್ಲಿ ಹೊರಗಿನ ಪದರದ ಆಮ್ಲ ಸುತ್ತಲಿನ ದ್ರವಕ್ಕೆ ಹರಿದುಹೋಗುತ್ತದೆ, ಒಳಗಿನ ಆಮ್ಲ ಸಿಕ್ಕಿಹಾಕಿಕೊಳ್ಳುತ್ತದೆ. ಆದ್ದರಿಂದ ಒಳಭಾಗ ಹೊರಭಾಗಕ್ಕಿಂತ ಮೊದಲು ಹಾಳಾಗುತ್ತದೆ. ಗೆದ್ದಲು ಹಿಡಿದ ತೊಲೆಯ ಹಾಗೆ, ಮೇಲಿನ ಸಿಪ್ಪೆ ಸರಿಯಾಗಿಯೇ ಕಾಣುತ್ತಿರುವಾಗ ಒಳಗೆ ಟೊಳ್ಳಾಗಿರುತ್ತದೆ. ಫ್ರಾನ್ಸಿನ ಮಿಶೆಲ್ ವೆರ್ ಮತ್ತು ಸಂಗಡಿಗರು 1990ರ ಆಸುಪಾಸಿನಲ್ಲಿ ಇದನ್ನು ವಿವರವಾಗಿ ತೋರಿಸಿದರು. ದೊಡ್ಡ ತುಂಡು ಸಣ್ಣ ತುಂಡಿಗಿಂತ ನಿಧಾನವಾಗಿ ಒಡೆಯಬೇಕು ಎಂದು ಯಾರಿಗಾದರೂ ಅನ್ನಿಸುತ್ತದೆ. ಈ ಪಾಲಿಮರ್‌ನಲ್ಲಿ ಹಲವು ಸಲ ಅದು ತಿರುಗುಮುರುಗಾಗುತ್ತದೆ.

ಮದ್ದಿನಂಗಡಿ, ಹಾಸನ

ವಿದ್ಯಾರ್ಥಿನಿ ಹೇಳಿದ ಮಧ್ಯದ ವಿರಾಮ ಅಂಗಡಿಯಲ್ಲಿ ಕುಳಿತವರಿಗೆ ನಿತ್ಯದ ತಲೆನೋವು. ರಿಸ್ಪೆರಿಡೋನ್ ಎಂಬ ಮಾನಸಿಕ ಆರೋಗ್ಯದ ಔಷಧವನ್ನು ಸೂಕ್ಷ್ಮಗೋಳಗಳಲ್ಲಿ ತುಂಬಿ ಎರಡು ವಾರಕ್ಕೊಮ್ಮೆ ಕೊಡುವ ಇಂಜೆಕ್ಷನ್ ಇದೆ. ಅದನ್ನು ಮೊದಲ ಸಲ ಕೊಟ್ಟಾಗ ಔಷಧ ಸರಿಯಾಗಿ ಹೊರಬರಲು ಸುಮಾರು ಮೂರು ವಾರ ಬೇಕು, ಅಷ್ಟು ದಿನ ಮಾತ್ರೆಯನ್ನು ಮುಂದುವರಿಸಲೇಬೇಕು. "ಇಷ್ಟು ದುಬಾರಿ ಸೂಜಿ ಹಾಕಿಸಿದ ಮೇಲೆ ಮಾತ್ರೆ ಏಕೆ?" ಎಂದು ಮನೆಯವರು ಮಾತ್ರೆ ನಿಲ್ಲಿಸಿಬಿಡುತ್ತಾರೆ. ಮೂರನೆಯ ವಾರ ರೋಗ ಉಲ್ಬಣಿಸಿದಾಗ ಸೂಜಿಯನ್ನು ದೂರುತ್ತಾರೆ. ಪಾಲಿಮರ್ ಒಡೆಯುವ ಬಗೆಯನ್ನು ಮನೆಯವರಿಗೆ ಎರಡು ಮಾತಿನಲ್ಲಿ ಹೇಳಿದ್ದರೆ ಇದು ತಪ್ಪುತ್ತಿತ್ತು. ಹಾಗೆ ಹೇಳುವ ಪುರುಸೊತ್ತು ಯಾರಿಗೂ ಇಲ್ಲ ಎಂಬುದೇ ನನ್ನ ದೂರು.

ಬೇಲೂರಿನವಳು

ಈ ಪಾಲಿಮರ್ ಒಡೆಯುವುದನ್ನು ಒಳಗಿನಿಂದಲೇ ನೋಡಿದವರು ನಮ್ಮ ಅಮ್ಮ. ಸಕ್ಕರೆ ಕಾಯಿಲೆಯಿಂದ ಅಕ್ಷಿಪಟಲ ಊದಿಕೊಂಡಿದ್ದಕ್ಕೆ ಅವರ ಕಣ್ಣಿನೊಳಗೆ ಡೆಕ್ಸಾಮೆಥಾಸೋನ್ 0.7 ಮಿಲಿಗ್ರಾಂ ಇರುವ ಸಣ್ಣ ಕಡ್ಡಿಯನ್ನು ಇಟ್ಟರು. ಇಟ್ಟ ಮೇಲೆ ಅಮ್ಮನಿಗೆ ಕಣ್ಣು ಹೊರಳಿಸಿದಾಗಲೆಲ್ಲ ಒಂದು ಕಪ್ಪು ಗೆರೆ ತೇಲಿದಂತೆ ಕಾಣುತ್ತಿತ್ತು. ಸೇರು ಅಳೆಯುವಾಗ ಅಕ್ಕಿಯಲ್ಲಿ ಹುಳು ಬಿದ್ದಿದೆಯೆಂದು ಆರಿಸಲು ಹೋಗುತ್ತಿದ್ದರು. ವಾರಗಳು ಕಳೆದಂತೆ ಗೆರೆ ಮಸುಕಾಗಿ, ತುಂಡಾಗಿ, ಕೊನೆಗೆ ಕಾಣದಾಯಿತು. ಪ್ರತಿ ಸಲ ಪರೀಕ್ಷೆಗೆ ಹೋದಾಗಲೂ ವೈದ್ಯರು ದೀಪ ಹಾಕಿ ಕಡ್ಡಿ ಎಷ್ಟು ಉಳಿದಿದೆ ಎಂದು ನೋಡಿ ಹೇಳುತ್ತಿದ್ದರು. ಅದೂ ಇದೇ ಪಿಎಲ್‌ಜಿಎ ಎಂದು ಈಗ ತಿಳಿಯಿತು.

ಅರಸೀಕೆರೆ ತೆಂಗು

ನನಗೆ ದಿನಕ್ಕೆರಡು ಸಲ ಇನ್ಸುಲಿನ್. ತಿಂಗಳಿಗೊಂದು ಕಡ್ಡಿ ಇಟ್ಟು ನಮ್ಮಂಥವರನ್ನು ಬಿಡುಗಡೆ ಮಾಡಬಾರದೇ? ಇನ್ನೊಂದು ಸಂಗತಿ. ನಾನು ನುಂಗುವ ಮೆಟ್‌ಫಾರ್ಮಿನ್ ಮಾತ್ರೆ ಕೆಲವೊಮ್ಮೆ ಹಾಗೆಯೇ ಮಲದಲ್ಲಿ ಹೊರಬರುತ್ತದೆ. ಅದರ ಪಾಲಿಮರ್ ಏಕೆ ಒಡೆಯುತ್ತಿಲ್ಲ?

ಫಾರ್ಮಸಿ ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಮಾತ್ರೆಯ ವಿಷಯ ಮೊದಲು ಹೇಳುತ್ತೇನೆ ಅಂಕಲ್. ನಿಧಾನವಾಗಿ ಬಿಡುಗಡೆಯಾಗುವ ಮೆಟ್‌ಫಾರ್ಮಿನ್‌ನಲ್ಲಿ ಇರುವುದು ಸೆಲ್ಯುಲೋಸ್‌ನಿಂದ ಮಾಡಿದ ಪಾಲಿಮರ್. ಅದು ನೀರು ಕುಡಿದು ಲೋಳೆಯಾಗಿ ಉಬ್ಬುತ್ತದೆ, ಔಷಧ ಆ ಲೋಳೆಯ ಮೂಲಕ ಮೆಲ್ಲಗೆ ಹೊರಬರುತ್ತದೆ. ಅದರ ಸರಪಳಿಯನ್ನು ನಮ್ಮ ಕರುಳು ಒಡೆಯಲಾರದು, ಒಡೆಯಬೇಕಾಗಿಯೂ ಇಲ್ಲ. ನಿಮಗೆ ಕಂಡದ್ದು ಔಷಧ ಖಾಲಿಯಾದ ಮೆತ್ತನೆಯ ಹೊದಿಕೆ.

ಇನ್ಸುಲಿನ್‌ಗೆ ಎರಡು ತೊಡಕುಗಳಿವೆ. ಅದು ಪ್ರೋಟೀನ್, ಒಡೆಯುತ್ತಿರುವ ಪಿಎಲ್‌ಜಿಎ ಒಳಗೆ ಹುಟ್ಟುವ ಆಮ್ಲ ಪ್ರೋಟೀನ್‌ಗಳನ್ನು ಕೆಡಿಸುತ್ತದೆ. ಬೆಳವಣಿಗೆಯ ಹಾರ್ಮೋನನ್ನು ಸತುವಿನೊಂದಿಗೆ ಸೇರಿಸಿ ಸೂಕ್ಷ್ಮಗೋಳದಲ್ಲಿ ತುಂಬಿದ ಇಂಜೆಕ್ಷನ್ 1999ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಪಡೆಯಿತು, ಆದರೆ ತಯಾರಿಕೆಯ ಕಷ್ಟ ಮತ್ತು ವೆಚ್ಚದಿಂದ 2004ರಲ್ಲಿ ನಿಂತುಹೋಯಿತು. ಅದಕ್ಕಿಂತ ದೊಡ್ಡ ತೊಡಕೆಂದರೆ, ಇನ್ಸುಲಿನ್ ಊಟಕ್ಕೆ ತಕ್ಕಂತೆ ಏರಿಳಿಯಬೇಕು. ಹಬ್ಬದ ದಿನ ಹೋಳಿಗೆ ತಿಂದರೂ, ಜ್ವರ ಬಂದು ಗಂಜಿ ಕುಡಿದರೂ ಕಡ್ಡಿ ತನ್ನ ಪಾಡಿಗೆ ಒಂದೇ ಅಳತೆಯಲ್ಲಿ ಬಿಡುತ್ತಿದ್ದರೆ ಸಕ್ಕರೆ ಒಮ್ಮೆ ಏರಿ, ಒಮ್ಮೆ ಇಳಿದು ಪ್ರಾಣಕ್ಕೇ ಅಪಾಯ.

ನಿರ್ವಾಹಕ

ಚರ್ಚೆ ಚೆನ್ನಾಗಿ ಸಾಗಿದೆ. ಯಾರ ಔಷಧವನ್ನು ನಿಲ್ಲಿಸಬೇಕು, ಬದಲಿಸಬೇಕು ಎಂಬ ಸಲಹೆಗಳನ್ನು ಮಾತ್ರ ಇಲ್ಲಿ ಕೊಡಬಾರದು.

ನಂಬದ ನಾಗಪ್ಪ, ಆಲೂರು

ಎಲ್ಲರೂ ಹೊಗಳುತ್ತಿದ್ದೀರಿ, ಹಾಗಾದರೆ ಹೃದಯಕ್ಕೆ ಹಾಕಿದ ಕರಗುವ ಸ್ಟೆಂಟ್ ಏಕೆ ಮಾರುಕಟ್ಟೆಯಿಂದ ಹೋಯಿತು?

ರಸಾಯನ ಮೇಷ್ಟ್ರು, ಚಿಕ್ಕಮಗಳೂರು

ನ್ಯಾಯವಾದ ಪ್ರಶ್ನೆ. ಪಾಲಿಲ್ಯಾಕ್ಟಿಕ್ ಆಮ್ಲದ ಆ ಸ್ಟೆಂಟ್‌ಗೆ 2016ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು, 2017ರಲ್ಲಿ ಮಾರಾಟ ನಿಂತಿತು. ಲೋಹಕ್ಕೆ ಇರುವ ಬಲ ಪಾಲಿಮರ್‌ಗೆ ಇಲ್ಲದ ಕಾರಣ ಅದರ ಎಳೆಗಳನ್ನು ದಪ್ಪವಾಗಿ ಮಾಡಬೇಕಾಯಿತು. ಪೂರ್ತಿ ಮಾಯವಾಗಲು ಮೂರು ವರ್ಷದಷ್ಟು ಕಾಲ ಬೇಕಿತ್ತು, ಆ ಅವಧಿಯಲ್ಲಿ ಲೋಹದ ಸ್ಟೆಂಟ್‌ಗಿಂತ ಹೆಚ್ಚಾಗಿ ರಕ್ತ ಹೆಪ್ಪುಗಟ್ಟಿದ್ದು ಪರೀಕ್ಷೆಗಳಲ್ಲಿ ಕಂಡಿತು. ರಕ್ತನಾಳವನ್ನು ಎತ್ತಿ ಹಿಡಿದಿರಬೇಕಾದ ವಸ್ತುವೇ ಒಳಗಿನಿಂದ ಸಡಿಲವಾಗುತ್ತಿದ್ದರೆ ತೊಂದರೆ ತಪ್ಪಿದ್ದಲ್ಲ. ಔಷಧದ ಕಡ್ಡಿ ಯಾವುದನ್ನೂ ಎತ್ತಿ ಹಿಡಿಯಬೇಕಾಗಿಲ್ಲ, ಅದು ಸುಮ್ಮನೆ ಹಾಳಾಗುತ್ತ ಹೋದರೆ ಸಾಕು.

ಕಡೂರು ಕಾಲೇಜು ಹುಡುಗ

ಎಲ್ಲ ಪಾಲಿಮರ್‌ಗಳೂ ಹೀಗೆ ಒಳಗಿನಿಂದಲೇ ಹಾಳಾಗುತ್ತವೆಯೇ? ಇದನ್ನೆಲ್ಲ ಕಂಡುಹಿಡಿದವರು ಅಮೆರಿಕದ ವಿಜ್ಞಾನಿ ರಾಬರ್ಟ್ ಲ್ಯಾಂಗರ್ ತಾನೆ?

ಫಾರ್ಮಸಿ ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಎಲ್ಲವೂ ಅಲ್ಲ. ಪಾಲಿಅನ್‌ಹೈಡ್ರೈಡ್ ಎಂಬ ಬಗೆಯಲ್ಲಿ ಬಂಧಗಳು ನೀರು ತಾಗಿದ ಕೂಡಲೇ ಒಡೆಯುತ್ತವೆ, ಆದರೆ ವಸ್ತು ನೀರನ್ನು ಒಳಕ್ಕೆ ಬಿಟ್ಟುಕೊಳ್ಳುವುದಿಲ್ಲ. ಹಾಗಾಗಿ ಅದು ಬಹುಮಟ್ಟಿಗೆ ಮೇಲ್ಮೈಯಿಂದ ಪದರ ಪದರವಾಗಿ ಸವೆಯುತ್ತದೆ, ಔಷಧವೂ ಹೆಚ್ಚು ಸಮನಾಗಿ ಬಿಡುಗಡೆಯಾಗುತ್ತದೆ. ಮೆದುಳಿನ ಗೆಡ್ಡೆಯನ್ನು ತೆಗೆದ ಜಾಗದಲ್ಲಿ ಕಾರ್ಮಸ್ಟಿನ್ ಎಂಬ ಕ್ಯಾನ್ಸರ್ ಔಷಧ ತುಂಬಿದ ಇಂಥ ಬಿಲ್ಲೆಗಳನ್ನು, ಎಂಟರವರೆಗೆ, ಇಡುವ ಚಿಕಿತ್ಸೆಗೆ 1996ರಲ್ಲಿ ಅಮೆರಿಕದಲ್ಲಿ ಒಪ್ಪಿಗೆ ಸಿಕ್ಕಿತು. ಅದರ ಹಿಂದೆ ಲ್ಯಾಂಗರ್ ಮತ್ತು ಶಸ್ತ್ರವೈದ್ಯ ಹೆನ್ರಿ ಬ್ರೆಮ್ ಅವರ ಕೆಲಸವಿದೆ. ಆದರೆ ಲ್ಯಾಂಗರ್ ಮತ್ತು ಜೂಡಾ ಫೋಕ್‌ಮನ್ 1976ರಲ್ಲಿ ಪ್ರೋಟೀನನ್ನು ಪಾಲಿಮರ್‌ನಿಂದ ನಿಧಾನವಾಗಿ ಬಿಡುಗಡೆ ಮಾಡಿ ತೋರಿಸಿದ ಪ್ರಸಿದ್ಧ ಪ್ರಯೋಗದಲ್ಲಿ ಬಳಸಿದ್ದು ಒಡೆಯದ ಪಾಲಿಮರ್. ಪಾಲಿಲ್ಯಾಕ್ಟಿಕ್ ಆಮ್ಲವನ್ನು ದೇಹದೊಳಗೆ ಇಡಬಹುದು ಎಂದು ಅದಕ್ಕೆ ಹತ್ತು ವರ್ಷ ಮೊದಲೇ, 1966ರಲ್ಲಿ, ಅಮೆರಿಕದಲ್ಲಿದ್ದ ಕುಲಕರ್ಣಿ ಮತ್ತು ಸಂಗಡಿಗರು ಪ್ರಕಟಿಸಿದ್ದರು.

ಅರಸೀಕೆರೆ ತೆಂಗು

ಕುಲಕರ್ಣಿಯವರೇ! ಹಾಗಾದರೆ ನಮ್ಮ ಬೆಳಗಾವಿ, ಧಾರವಾಡದ ಕಡೆಯವರೇ ಇರಬೇಕು.

ನಿರ್ವಾಹಕ

ಊರು ಹುಡುಕುವ ಕೆಲಸಕ್ಕೆ ಬೇರೆ ಚರ್ಚೆ ತೆರೆಯಿರಿ.

ಗೊಬ್ಬರಗುಂಡಿ, ಮೂಡಿಗೆರೆ

ನೀರು ಮತ್ತು ಬಿಸಿಯಿಂದ ಒಡೆಯುವ ವಸ್ತುವಾದರೆ ಅದು ಮೈಯೊಳಗೆ ಹೋಗುವ ಮೊದಲೇ ಒಡೆಯಬಹುದಲ್ಲ? ಮಳೆಗಾಲದಲ್ಲಿ ನಮ್ಮ ಕಡೆ ಕರೆಂಟ್ ಹೋದರೆ ಯಾವಾಗ ಬರುತ್ತದೆಯೋ ದೇವರಿಗೇ ಗೊತ್ತು, ಗೋಡೆಯೂ ಬೆವರುತ್ತದೆ. ಇದಕ್ಕೆ ಯಾರೂ ಉತ್ತರ ಕೊಡುವುದಿಲ್ಲ.

ಮದ್ದಿನಂಗಡಿ, ಹಾಸನ

ಇದು ಈ ಚರ್ಚೆಯ ಉಪಯುಕ್ತ ಪ್ರಶ್ನೆಗಳಲ್ಲಿ ಒಂದು. ಪಿಎಲ್‌ಜಿಎ ಸುಮಾರು 45ರಿಂದ 55 ಡಿಗ್ರಿಯ ನಡುವೆ ಗಾಜಿನಂತೆ ಗಟ್ಟಿಯಾದ ಸ್ಥಿತಿಯಿಂದ ಮೆತ್ತಗಿನ ಸ್ಥಿತಿಗೆ ಬರುತ್ತದೆ, ತೇವ ಹೀರಿದ್ದರೆ ಇನ್ನೂ ಕಡಿಮೆ ಉಷ್ಣತೆಗೇ ಬರುತ್ತದೆ. ಬಿಸಿಲಿನಲ್ಲಿ ಗಾಜು ಏರಿಸಿ ನಿಲ್ಲಿಸಿದ ಕಾರಿನೊಳಗೆ ಆ ಉಷ್ಣತೆ ಸುಲಭವಾಗಿ ತಲುಪುತ್ತದೆ. ಸೂಕ್ಷ್ಮಗೋಳಗಳು ಅಂಟಿಕೊಂಡು ಔಷಧದ ಲೆಕ್ಕವೇ ತಪ್ಪಬಹುದು. ಗೋಸೆರೆಲಿನ್ ಕಡ್ಡಿಯನ್ನು 25 ಡಿಗ್ರಿಯೊಳಗೆ ಇಟ್ಟರೆ ಸಾಕು, ಫ್ರಿಜ್ ಬೇಕಿಲ್ಲ. ನಾನು ಹೇಳಿದ ರಿಸ್ಪೆರಿಡೋನ್ ಸೂಕ್ಷ್ಮಗೋಳಕ್ಕೆ ಫ್ರಿಜ್ ಬೇಕೇ ಬೇಕು. ತೇವ ತಾಗದಂತೆ ಇವನ್ನು ತೆಳುವಾದ ಲೋಹದ ಹಾಳೆಯ ಚೀಲದಲ್ಲಿ ಮುಚ್ಚಿರುತ್ತಾರೆ. ಸೂಜಿ ಹಾಕುವ ಮೊದಲೇ "ಒಳಗಿರುವುದನ್ನು ನೋಡೋಣ" ಎಂದು ಮನೆಯಲ್ಲಿ ಆ ಚೀಲ ಹರಿದು ತಂದವರಿದ್ದಾರೆ. ಹಾಗೆ ಮಾಡಬೇಡಿ.

ವಾರ್ಡ್ ಸಿಸ್ಟರ್, ಹೊಳೆನರಸೀಪುರ

ಹೊಲಿಗೆ ದಾರದ ಹಾಳೆಯೂ ಅದಕ್ಕಾಗಿಯೇ ಇರುವುದು. ಮಲೆನಾಡಿನ ಕಡೆಯ ಆಸ್ಪತ್ರೆಗಳಲ್ಲಿ ಬಿಚ್ಚಿ ಉಳಿದ ದಾರವನ್ನು ಎತ್ತಿಡುವುದು ಸೋಂಕಿನ ದೃಷ್ಟಿಯಿಂದ ಮಾತ್ರವಲ್ಲ, ಬಲದ ದೃಷ್ಟಿಯಿಂದಲೂ ತಪ್ಪು.

ತೋಟದಮನೆ, ಸಕಲೇಶಪುರ

ಎಲ್ಲರಿಗೂ ಧನ್ಯವಾದಗಳು. ಒಂದು ಪ್ರಶ್ನೆ ಉಳಿದಿದೆ. ಔಷಧ ಒಗ್ಗದಿದ್ದರೆ ಕಡ್ಡಿಯನ್ನು ಹೊರಗೆ ತೆಗೆಯಬಹುದೇ? ಹಳೆಯದು ಪೂರ್ತಿ ಹೋಗುವ ಮೊದಲು ಹೊಸದನ್ನು ಇಟ್ಟರೆ ತೊಂದರೆಯಿಲ್ಲವೇ?

ಮದ್ದಿನಂಗಡಿ, ಹಾಸನ

ಕಡ್ಡಿಯಾದರೆ ಅಲ್ಟ್ರಾಸೌಂಡ್‌ನಲ್ಲಿ ಜಾಗ ಗುರುತಿಸಿ, ಅಗತ್ಯ ಬಿದ್ದರೆ ಸಣ್ಣ ಶಸ್ತ್ರಚಿಕಿತ್ಸೆಯಿಂದ ತೆಗೆಯಬಹುದು. ಸ್ನಾಯುವಿನಲ್ಲಿ ಹರಡಿಕೊಂಡ ಸೂಕ್ಷ್ಮಗೋಳಗಳನ್ನು ಆರಿಸಿ ತೆಗೆಯುವುದು ಆಗದ ಮಾತು. ಔಷಧ ಮುಗಿಯುವ ದಿನವೂ ಪಾಲಿಮರ್‌ನ ಕೊನೆಯ ತುಣುಕು ಹೋಗುವ ದಿನವೂ ಒಂದೇ ಆಗಿರಬೇಕಿಲ್ಲ. ಹಳೆಯದರ ಉಳಿಕೆ ಸ್ವಲ್ಪ ಇದ್ದರೂ ಅದು ಒಡೆಯುತ್ತಲೇ ಇರುತ್ತದೆ, ವರ್ಷಗಟ್ಟಲೆ ಪೇರಿಸಿಕೊಳ್ಳುವುದಿಲ್ಲ. ಒಂದು ಸಲ ಹೊಟ್ಟೆಯ ಎಡಕ್ಕೆ, ಇನ್ನೊಂದು ಸಲ ಬಲಕ್ಕೆ ಹಾಕುವಂತೆ ಕೇಳಿಕೊಳ್ಳಿ.

ಕೊಟ್ಟಿಗೆ ಡಾಕ್ಟರ್, ದುದ್ದ

ಪಶುವೈದ್ಯನಾಗಿ ನನ್ನದೊಂದು ಪ್ರಶ್ನೆ. ಬೆದೆಗೆ ಬಾರದ ಹಸುಗಳಿಗೆ ನಾವು ಪ್ರೊಜೆಸ್ಟೆರಾನ್ ತುಂಬಿದ, ಇಂಗ್ಲಿಷಿನ ಟಿ ಅಕ್ಷರದ ಆಕಾರದ ಸಿಲಿಕೋನ್ ಸಾಧನವನ್ನು ಯೋನಿಯೊಳಗೆ ಇಟ್ಟು, ಸಾಮಾನ್ಯವಾಗಿ ಏಳು ದಿನದ ಮೇಲೆ ಹೊರಗೆ ನೇತಾಡುವ ಬಾಲದಂಥ ಎಳೆ ಹಿಡಿದು ಎಳೆದು ತೆಗೆಯುತ್ತೇವೆ. ತೆಗೆಯಲು ಮತ್ತೆ ಅದೇ ಹಳ್ಳಿಗೆ ಹೋಗಬೇಕು. ಹಸು ಒದೆಯುತ್ತದೆ, ಎಳೆ ಕಿತ್ತುಬಂದರೆ ಕೈ ಹಾಕಬೇಕು, ಬಳಸಿದ ಸಿಲಿಕೋನನ್ನು ಎಲ್ಲಿ ಎಸೆಯುವುದೆಂಬ ಚಿಂತೆ ಬೇರೆ. ಮನುಷ್ಯರಿಗೆ ಇಷ್ಟೆಲ್ಲ ಮಾಡಿದವರು ಹಸುವಿಗೂ ಒಳಗೇ ಒಡೆದುಹೋಗುವ ಸಾಧನವನ್ನು ಕೊಡಬಾರದೇ?

ಫಾರ್ಮಸಿ ವಿದ್ಯಾರ್ಥಿನಿ, ಚನ್ನರಾಯಪಟ್ಟಣ

ಸರ್, ನಿಮ್ಮ ಚಿಕಿತ್ಸೆ ಕೆಲಸ ಮಾಡುವುದೇ ಔಷಧ ಥಟ್ಟನೆ ನಿಲ್ಲುವುದರಿಂದಲ್ಲವೇ? ಸಾಧನವನ್ನು ಎಳೆದ ಕೂಡಲೇ ರಕ್ತದಲ್ಲಿ ಪ್ರೊಜೆಸ್ಟೆರಾನ್ ಕುಸಿಯುತ್ತದೆ, ಹಾಗೆ ಕುಸಿದದ್ದರಿಂದಲೇ ಎರಡು ಮೂರು ದಿನದಲ್ಲಿ ಹಸು ಬೆದೆಗೆ ಬರುತ್ತದೆ. ಒಡೆಯುವ ಪಾಲಿಮರ್ ಅಷ್ಟು ಖಂಡಿತವಾಗಿ ನಿಲ್ಲುವುದಿಲ್ಲ. ಕೊನೆಯಲ್ಲಿ ಸ್ವಲ್ಪ ಸ್ವಲ್ಪವೇ ಬಿಡುತ್ತ ದಿನಗಟ್ಟಲೆ ಎಳೆಯುತ್ತದೆ. ಒಂದು ಹಸು ಸೋಮವಾರ, ಇನ್ನೊಂದು ಗುರುವಾರ ಬೆದೆಗೆ ಬಂದರೆ, ದಿನ ಗೊತ್ತು ಮಾಡಿ ಕೃತಕ ಗರ್ಭಧಾರಣೆ ಮಾಡುವ ನಿಮ್ಮ ಲೆಕ್ಕವೆಲ್ಲ ತಪ್ಪುತ್ತದೆ. ತಿಂಗಳುಗಟ್ಟಲೆ ಒಂದೇ ಸಮನೆ ಇರಬೇಕಾದ ಔಷಧಕ್ಕೆ ಇದು ಒಳ್ಳೆಯದು, ಗೊತ್ತಾದ ದಿನ ನಿಲ್ಲಬೇಕಾದ ಔಷಧಕ್ಕೆ ಅಲ್ಲ.

ಕೊಟ್ಟಿಗೆ ಡಾಕ್ಟರ್, ದುದ್ದ

ಒಪ್ಪಿದೆನಮ್ಮ. ಎಳೆ ಹಿಡಿದು ಎಳೆಯುವ ಕೆಲಸ ನನ್ನ ಪಾಲಿಗೆ ಉಳಿಯಿತು.